ಪಂಕ್ತಿಯ ನಡುವೆ ಎದ್ದವರು

ಕಾಪುವಿನಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಎಷ್ಟು ದೇವಸ್ಥಾನ ಸಿಗುತ್ತವೆ ಎಂದು ಯಾರಾದರೂ ಕೇಳಿದರೆ ನಾನು ತಡವರಿಸಿಯೇನು. ಎಷ್ಟು ಕಕ್ಕಸು ಎಂದು ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ. ಕಟಪಾಡಿ ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕಿನದ್ದು ಚೊಕ್ಕವಾಗಿ ಉಂಟು, ಆದರೆ ಬೀಗದಕೈ ಆಫೀಸಿನ ಒಳಗೆ. ಅದನ್ನು ನಗುನಗುತ್ತಾ ಕೇಳಿ ಪಡೆಯುವಷ್ಟು ವ್ಯವಧಾನ ಇರುವ ದಿನಕ್ಕೆ ಮಾತ್ರ ಅದು. ಉಡುಪಿಯಲ್ಲಿ ನನಗೆ ಗೊತ್ತಿರುವ ಒಂದು ಹೋಟೆಲಿನಲ್ಲಿ ಕೈ ತೊಳೆಯುವಲ್ಲಿಂದ ಎಡಕ್ಕೆ ತಿರುಗಬೇಕು, ಚಿಲಕ ಸ್ವಲ್ಪ ಎತ್ತಿ ಹಾಕಬೇಕು. ಮಣಿಪಾಲ ತಲುಪಿದರೆ ಮತ್ತೆ ಹೆದರಿಕೆಯಿಲ್ಲ. ಆಸ್ಪತ್ರೆಯ ಪ್ರತಿ ಮಾಳಿಗೆಯಲ್ಲೂ ನನಗೆ ತವರುಮನೆಯ ಹಾಗೆ ಒಂದು ಬಾಗಿಲು ಉಂಟು.

ಇದು ನಾನು ಆಸೆಪಟ್ಟು ಕಲಿತ ವಿದ್ಯೆಯಲ್ಲ. ಮಗಳ ಮದುವೆ ಮುಗಿಸಿ, ಬಾಡಿಗೆ ಪಾತ್ರೆಗಳನ್ನೆಲ್ಲ ವಾಪಸು ಕಳಿಸಿ, ಇನ್ನು ಕಾಲು ಚಾಚಿ ಕೂರಬಹುದು ಎಂದುಕೊಂಡ ವರ್ಷವೇ ನನ್ನ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಮಣಿಪಾಲದಲ್ಲಿ ಹೊಟ್ಟೆ ಕೊಯ್ದು ಗಡ್ಡೆಯನ್ನೂ ಅದರ ಜೊತೆ ಕರುಳಿನ ಒಂದು ತುಂಡನ್ನೂ ತೆಗೆದರು. ಉಳಿದದ್ದನ್ನು ಜೋಡಿಸಿ, ಆ ಹೊಲಿಗೆ ಮಾಗುವವರೆಗೆ ಹೊಟ್ಟೆಯ ಬಲಬದಿಗೆ ಮಲ ಬೀಳಲಿಕ್ಕೆ ಒಂದು ಚೀಲ ಅಂಟಿಸಿದರು. ಕೆಲವು ತಿಂಗಳ ಮೇಲೆ ಚೀಲವೂ ಹೋಯಿತು.

"ಇನ್ನು ಎಲ್ಲ ಹಳೆಯ ದಾರಿಯಲ್ಲೇ," ಎಂದರು ಡಾಕ್ಟರು. "ಆದರೆ ಮೊದಲಿನ ಹಾಗೆ ತುಂಬಿಟ್ಟುಕೊಳ್ಳಲಿಕ್ಕೆ ಕರುಳಿಗೆ ಜಾಗ ಇಲ್ಲ. ಅದು ಹೊಸತಾಗಿ ಕಲಿಯಬೇಕು. ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ."

ಕಲಿಯುತ್ತಾ ಉಂಟು, ಪಾಪ. ಎಲ್ಲ ಮಕ್ಕಳೂ ಒಂದೇ ಸಲಕ್ಕೆ ಕಲಿಯುತ್ತವಾ? ನನ್ನದು ಹಿಂದಿನ ಬೆಂಚಿನದ್ದು. ಉಂಡು ಬಟ್ಟಲು ತೊಳೆಯುವ ಮೊದಲೇ ಕರೆಯುತ್ತದೆ. ಹೋಗಿ ಬಂದು ಸೀರೆಯ ನಿರಿಗೆ ಸರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೊಮ್ಮೆ ಕರೆಯುತ್ತದೆ. ಬರುವುದು ಇಷ್ಟೇ ಇಷ್ಟು, ಆದರೆ ಗಡಿಬಿಡಿ ಮಾತ್ರ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನದ್ದು. ಕೆಲವು ದಿನ ಬೆಳಗಿನಿಂದ ಪೂರ್ತಿ ಮೌನ. ಆ ಮೌನವನ್ನು ನಂಬಿ ಹೊರಟರೆ ಉದ್ಯಾವರದ ಸೇತುವೆಯ ಮೇಲೆ ಅದಕ್ಕೆ ಮನಸ್ಸು ಬದಲಾಗುತ್ತದೆ. ಸೇತುವೆಯ ಮೇಲೆ ಎಂತ ಉಂಟು? ಕೆಳಗೆ ಹೊಳೆ, ಮೇಲೆ ಆಕಾಶ, ನಡುವೆ ನಾನು.

ಆಸ್ಪತ್ರೆಯಲ್ಲಿ ಒಂದು ವ್ಯಾಯಾಮವನ್ನೂ ಹೇಳಿಕೊಟ್ಟಿದ್ದರು. ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು, ಸ್ವಲ್ಪ ಹೊತ್ತು ಹಾಗೇ ಇಟ್ಟು, ಬಿಡುವುದು. ಎಲ್ಲಿ ಬೇಕಾದರೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ ಎಂದಿದ್ದರು. ಗೊತ್ತಾಗುತ್ತದೆ. ಮೀನು ಮಾರುವವಳ ಮುಂದೆ ನಿಂತು ಬಿಗಿಹಿಡಿದಿದ್ದೆ, ಅವಳು ನನ್ನ ಮುಖ ನೋಡಿ, "ಬಂಗುಡೆ ತಾಜಾ ಉಂಟಕ್ಕಾ, ಹಾಗೆ ಮುಖ ಮಾಡಬೇಡಿ, ಬೇಕಾದರೆ ಎರಡು ಹೆಚ್ಚು ಹಾಕುತ್ತೇನೆ," ಎಂದಳು. ಅಂದಿನಿಂದ ಮೀನು ತೆಗೆದುಕೊಳ್ಳುವಾಗ ತಪ್ಪದೆ ಆ ವ್ಯಾಯಾಮ ಮಾಡುತ್ತೇನೆ.

ಅಕ್ಕಿಯದ್ದು ಇನ್ನೊಂದು ಕಥೆ. ನಮ್ಮ ಕಡೆ ಯಾರಿಗೆ ಎಂತ ಆದರೂ ಮೊದಲು ಒಲೆಗೆ ಇಡುವುದು ಕುಚ್ಚಲಕ್ಕಿ ಗಂಜಿ. ಜ್ವರಕ್ಕೂ ಅದೇ, ಕಾಲು ಮುರಿದರೂ ಅದೇ. ನನ್ನ ತಂಗಿ ಪಡುಬಿದ್ರಿಯಿಂದ ಸ್ಕೂಟರಿನಲ್ಲಿ ಬಂದು, ಒಳ್ಳೆಯ ಕೆಂಪು ಕುಚ್ಚಲಕ್ಕಿಯ ಗಂಜಿ ಮಾಡಿ, ಮಗುವಿಗೆ ಕೊಡುವ ಹಾಗೆ ಎದುರು ಕೂತು ಕುಡಿಸುತ್ತಿದ್ದಳು. ನಾನು ಕುಡಿದಷ್ಟೂ ಓಡುತ್ತಿದ್ದೆ. ನಾನು ಓಡಿದಷ್ಟೂ ಅವಳು, "ಅಯ್ಯೋ, ನಿತ್ರಾಣ ಆಯಿತು," ಎಂದು ಇನ್ನೊಂದು ಸೌಟು ಹಾಕುತ್ತಿದ್ದಳು. ಕೊನೆಗೆ ಆಸ್ಪತ್ರೆಯ ಆಹಾರ ಹೇಳುವ ಹುಡುಗಿ, ಘಟ್ಟದ ಮೇಲಿನವಳು, ಕೇಳಿದಳು: "ಅಮ್ಮಾ, ನಿಮ್ಮ ಅಕ್ಕಿಯಲ್ಲಿ ತವುಡು ಇರುತ್ತಾ?" ಇರುತ್ತದೆ, ಅದೇ ಅಲ್ವಾ ಅದರ ಗುಣ ಎಂದು ಹೆಮ್ಮೆಯಿಂದ ಹೇಳಿದೆ. ಅವಳು ತಲೆಗೆ ಕೈಯಿಟ್ಟುಕೊಂಡು, ಆ ತವುಡೇ ನಿಮ್ಮನ್ನು ಓಡಿಸುವುದು ಎಂದಳು. ಸದ್ಯಕ್ಕೆ ಬೆಳ್ತಿಗೆ ಅನ್ನ, ಮೊಸರು, ಬಾಳೆಹಣ್ಣು, ಸಬ್ಬಕ್ಕಿ ಎಂದು ಬರೆದುಕೊಟ್ಟಳು. ಹಬ್ಬದ ದಿನ ಮಾತ್ರ ಮಾಡುತ್ತಿದ್ದ ಬಿಳಿ ಅನ್ನ ನಮ್ಮ ಮನೆಯಲ್ಲಿ ದಿನಾ ಆಯಿತು. ತಂಗಿ ಇವತ್ತಿಗೂ ಆ ಅನ್ನವನ್ನು ಸಂಶಯದಿಂದಲೇ ನೋಡುತ್ತಾಳೆ.

ನಮ್ಮವರ ಬಗ್ಗೆಯೂ ಹೇಳಬೇಕು. ಗಲ್ಫಿನಲ್ಲಿ ಕ್ರೇನ್ ನಡೆಸುತ್ತಿದ್ದವರು ನನ್ನ ಆಪರೇಶನ್ನಿಗೆ ಬಂದು ಮತ್ತೆ ಹೋಗಲೇ ಇಲ್ಲ. ಈಗ ನಮ್ಮ ಸಣ್ಣ ಕಾರು ನಡೆಸುತ್ತಾರೆ, ನಾನು "ನಿಲ್ಲಿಸಿ" ಎಂದರೆ ಯಾಕೆ ಎಂದು ಕೇಳದೆ ನಿಲ್ಲಿಸುತ್ತಾರೆ. ಆದರೆ ಹೋಟೆಲಿನ ಒಳಗೆ ಹೋಗಿ ಎಂತದೂ ತಿನ್ನದೆ, ಕಕ್ಕಸು ಮಾತ್ರ ಉಪಯೋಗಿಸಿ ಹೊರಬರುವುದು ಅವರ ಮರ್ಯಾದೆಗೆ ಒಗ್ಗುವುದಿಲ್ಲ. ಆದ್ದರಿಂದ ನಾನು ಹಿಂದಕ್ಕೆ ಓಡಿದರೆ ಅವರು ಮುಂದೆ ಕೂತು ಒಂದು ಪ್ಲೇಟು ಬನ್ಸ್ ಹೇಳುತ್ತಾರೆ. ನಾನು ತಿರುಗಿ ಎರಡನೆಯ ಸಲ ಓಡಿದರೆ ಗೋಳಿಬಜೆ. ಮೂರನೆಯ ಸಲಕ್ಕೆ ಚಹಾ. ಹೀಗೆ ನನ್ನ ಕರುಳು ಸಣ್ಣದಾಗಿ ಅವರ ಹೊಟ್ಟೆ ದೊಡ್ಡದಾಯಿತು. ಮೊನ್ನೆ ಡಾಕ್ಟರು ನನ್ನನ್ನು ನೋಡಿ, "ನೀವು ಪರವಾಗಿಲ್ಲ," ಎಂದವರು ಇವರ ಕಡೆಗೆ ತಿರುಗಿ, "ನಿಮ್ಮ ಶುಗರ್ ಟೆಸ್ಟ್ ಮಾಡಿಸಿದ್ದೀರಾ?" ಎಂದರು.

ಇಷ್ಟೆಲ್ಲ ನಗುತ್ತಾ ಹೇಳುತ್ತಿದ್ದೇನೆ. ನಗಲಿಕ್ಕೆ ಆಗದ ಒಂದು ಜಾಗವೂ ಇತ್ತು, ಅದು ಕಾರ್ಕಳದಲ್ಲಿ, ಮಗಳ ಗಂಡನ ಮನೆ.

ಬೀಗರು ಒಳ್ಳೆಯವರು. ಮಗಳ ಅತ್ತೆ ಮತ್ತು ನಾನು ಒಬ್ಬರನ್ನೊಬ್ಬರು ಅಕ್ಕ ಎಂದೇ ಕರೆಯುವುದು. ಯಾರು ದೊಡ್ಡವರು ಎಂಬುದನ್ನು ಇಬ್ಬರೂ ಇತ್ಯರ್ಥ ಮಾಡಲಿಕ್ಕೆ ಹೋಗಿಲ್ಲ. ಅವರಿಗೆ ನನ್ನ ಆಪರೇಶನ್ ಆದದ್ದು ಗೊತ್ತು, ಆಸ್ಪತ್ರೆಗೆ ಹಣ್ಣು ಹಿಡಿದುಕೊಂಡು ಬಂದಿದ್ದರು. ಚೀಲ ಹೋದದ್ದೂ ಗೊತ್ತು. ಅದರ ನಂತರದ್ದು ಗೊತ್ತಿಲ್ಲ. ಕೊಯ್ದು, ಹೊಲಿದು, ಗುಣವಾಗಿ ಮನೆಗೆ ಬಂದವಳಿಗೆ ಮತ್ತೆಂತ ಕಾಯಿಲೆ?

ಅವರ ಮನೆಯಲ್ಲಿ ಯಾವ ಕಾರ್ಯ ಇದ್ದರೂ ಪಂಕ್ತಿಯ ಊಟ. ಪಂಕ್ತಿಯಲ್ಲಿ ಕೂತವರು ಎಲ್ಲರ ಊಟ ಮುಗಿಯುವವರೆಗೆ ಏಳಬಾರದು. ನಡುವೆ ಒಬ್ಬರು ಎದ್ದರೆ ಉಣ್ಣುತ್ತಿರುವವರಿಗೂ ಬಡಿಸುತ್ತಿರುವವರಿಗೂ ಅವಮಾನ. ಅನ್ನ ಬಿದ್ದ ಕೂಡಲೇ ಏಳಬೇಕಾಗುವವಳು ಅಂಥಲ್ಲಿ ಕೂರುವುದು ಹೇಗೆ? ಹಾಗಾಗಿ ನಾನು ಹೋಗುವುದು, ಬಾಗಿಲಲ್ಲಿ ಕೊಟ್ಟ ಬೆಲ್ಲ ನೀರಿನಲ್ಲಿ ನೀರು ಮಾತ್ರ ಒಂದು ಗುಟುಕು ಕುಡಿಯುವುದು, ಎಂತದೋ ನೆಪ ಹೇಳಿ ಎಲೆ ಹಾಕುವ ಮೊದಲೇ ಕಾರು ಹತ್ತುವುದು. ಒಂದು ಸಲವಾದರೆ ಸರಿ. ವರ್ಷಗಟ್ಟಲೆ ಹಾಗೇ ಮಾಡಿದೆ.

ಮಗಳು ಒಂದು ದಿನ ಫೋನಿನಲ್ಲಿ ಹೇಳಿದಳು. "ಅತ್ತೆ ಕೇಳಿದರಮ್ಮ, ಕಾಪುವಿನವರಿಗೆ ನಮ್ಮ ಮನೆಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವಾ ಅಂತ."

"ನೀನೆಂತ ಹೇಳಿದೆ?"

"ನಾನೆಂತ ಹೇಳುವುದು? ನೀನು ಹೇಳಲಿಕ್ಕೆ ಬಿಡುವುದಿಲ್ಲ ಅಲ್ವಾ? ಇವತ್ತು ಹೇಳಿಬಿಡುತ್ತೇನೆ."

"ಬೇಡ ಮಾರಾಯ್ತಿ. ಬೀಗರ ಮನೆಯಲ್ಲಿ ನನ್ನ ಮಾತು ಬಂದಾಗಲೆಲ್ಲ ಎಲ್ಲರಿಗೂ ಕಕ್ಕಸು ನೆನಪಾಗುವುದು ಬೇಡ."

ಅವಳು ಫೋನಿಟ್ಟಳು. ಅಡುಗೆಮನೆಯಲ್ಲಿ ಅತ್ತೆಯ ಮಾತು ಕೇಳಿಸಿಕೊಳ್ಳುವವಳು ಅವಳು, ನಾನಲ್ಲ.

ಆಮೇಲೆ ಅವಳು ಬಸುರಿಯಾದಳು, ದಿನ ತುಂಬುತ್ತಾ ಬಂತು, ಬಯಕೆಯ ದಿನ ನಿಶ್ಚಯವಾಯಿತು. ಬಯಕೆ ಎಂದರೆ ಸೀಮಂತ, ನಮ್ಮಲ್ಲಿ ಅದು ಗಂಡನ ಮನೆಯಲ್ಲಿ. ತಾಯಿಮನೆಯವರು ತಿಂಡಿಯ ತಟ್ಟೆಗಳನ್ನು ಹಿಡಿದು ಹೋಗಬೇಕು, ತಾಯಿ ಮಗಳ ಪಕ್ಕದಲ್ಲಿ ಕೂತು ಉಣ್ಣಬೇಕು, ಅಂದೇ ಹೆರಿಗೆಗೆ ತವರಿಗೆ ಕರೆದುಕೊಂಡು ಬರಬೇಕು. ನಾನು ತಂಗಿಯನ್ನು ಕಳಿಸುವ ಉಪಾಯ ಮಾಡಿದೆ.

"ಚಿಕ್ಕಮ್ಮ ಬರುತ್ತಾಳೆ. ಅವಳೂ ತಾಯಿಯ ಹಾಗೇ ಅಲ್ವಾ," ಎಂದೆ.

"ಹೆತ್ತದ್ದು ಚಿಕ್ಕಮ್ಮನಾ?" ಎಂದಳು ಮಗಳು. "ನೋಡಮ್ಮ, ನೀನು ಬಂದು ನನ್ನ ಹತ್ತಿರ ಕೂತು ಉಂಡರೆ ನಾನು ಕಾಪುವಿಗೆ ಬರುತ್ತೇನೆ. ಇಲ್ಲದಿದ್ದರೆ ಇಲ್ಲಿಯೇ ಹೆರುತ್ತೇನೆ. ಬಾಣಂತನ ಅತ್ತೆ ಮಾಡುತ್ತಾರೆ. ಅವರಿಗೆ ಖುಷಿಯೇ."

ಅವಳು ತಮಾಷೆ ಮಾಡುತ್ತಿರಲಿಲ್ಲ. ನನ್ನ ಹಾಗೆಯೇ ಹಟದವಳು. ಒಂದೇ ಮಗಳ ಚೊಚ್ಚಲ ಬಾಣಂತನ ಒಂದು ಪಂಕ್ತಿಯ ಊಟದ ಮೇಲೆ ನಿಂತಿತು.

ನಾನು ಸಿದ್ಧತೆ ಮಾಡಿಕೊಂಡೆ. ಮಾತ್ರೆ, ಬದಲಿ ಬಟ್ಟೆ, ಒದ್ದೆ ಟಿಶ್ಯೂ, ತೆಂಗಿನೆಣ್ಣೆಯ ಪುಟ್ಟ ಬಾಟಲಿ, ಎಲ್ಲ ರೇಷ್ಮೆಸೀರೆಗೆ ಒಪ್ಪುವ ಚೀಲದಲ್ಲಿ. ಅದರ ಮೇಲೆ ಒಂದು ಬುದ್ಧಿವಂತಿಕೆಯನ್ನೂ ಮಾಡಿದೆ. ಏಕಾದಶಿ ಉಪವಾಸ ಮಾಡಿ ಅಭ್ಯಾಸ ಉಂಟಲ್ಲ, ಹಿಂದಿನ ದಿನದಿಂದಲೇ ಉಪವಾಸ ಕೂತೆ. ಒಳಗೆ ಎಂತದೂ ಇಲ್ಲದಿದ್ದರೆ ಹೊರಗೆ ಬರುವುದು ಎಂತ? ಡಾಕ್ಟರು ಬಹಳ ಸಲ ಹೇಳಿದ್ದರು, ಖಾಲಿ ಹೊಟ್ಟೆ ಬಿಡಬೇಡಿ, ಸ್ವಲ್ಪ ಸ್ವಲ್ಪ ತಿನ್ನುತ್ತಾ ಇರಿ, ಖಾಲಿ ಬಿಟ್ಟರೆ ಗಾಳಿ ತುಂಬುತ್ತದೆ, ಮೊದಲ ತುತ್ತಿಗೇ ಅದು ಎದ್ದು ಕೂರುತ್ತದೆ ಎಂದು. ಡಾಕ್ಟರಿಗೆ ಏಕಾದಶಿಯ ಮಹಿಮೆ ಎಲ್ಲಿ ಗೊತ್ತು ಎಂದುಕೊಂಡೆ.

ಪಡುಬಿದ್ರಿಯಲ್ಲಿ ತಂಗಿಯನ್ನು ಹತ್ತಿಸಿಕೊಂಡು, ಬೆಳ್ಮಣ್, ನಿಟ್ಟೆ ದಾಟಿ ಕಾರ್ಕಳಕ್ಕೆ ಹೋದೆವು. ದಾರಿಯಲ್ಲಿ ಒಂದು ಸಲವೂ ನಿಲ್ಲಿಸಲಿಲ್ಲ. ನಮ್ಮವರಿಗೆ ಗಾಬರಿಯೇ ಆಯಿತು. "ಹುಷಾರಿದ್ದೀಯಲ್ಲ?" ಎಂದು ಕೇಳಿದರು. ಗೆದ್ದೆ ಎಂದುಕೊಂಡೆ.

ಬೀಗರ ಮನೆಯ ಅಂಗಳದಲ್ಲಿ ಗಂಡಸರಿಗೆ ಮೇಜು ಕುರ್ಚಿ, ಒಳಗೆ ಚಾವಡಿಯಲ್ಲಿ ಹೆಂಗಸರಿಗೆ ಚಾಪೆ. ಮಗಳು ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ನಡುವೆ ಕೂತಿದ್ದಳು. ನನ್ನನ್ನು ನೋಡಿ ಪಕ್ಕದ ಚಾಪೆಯನ್ನು ಅಂಗೈಯಿಂದ ತಟ್ಟಿದಳು. ಕೂತೆ. ಅವಳ ಇನ್ನೊಂದು ಬದಿಗೆ ಅವಳ ಗಂಡನ ದೊಡ್ಡಜ್ಜಿ, ಹಲ್ಲಿಲ್ಲದಿದ್ದರೂ ಇಡೀ ಮನೆಯನ್ನು ಮಾತಿನಲ್ಲೇ ನಡೆಸುವವರು.

ಬೀಗತಿ ಅಕ್ಕ ತಾವೇ ಬಡಿಸಲಿಕ್ಕೆ ಬಂದರು. ಎಲೆಯ ತುಂಬ ನನ್ನ ಶತ್ರುಗಳು ಒಬ್ಬೊಬ್ಬರಾಗಿ ಬಂದು ಕೂತರು. ಕಡಲೆ ಹಾಕಿದ ಸುವರ್ಣಗೆಡ್ಡೆ ಗಸಿ. ತೊಂಡೆಕಾಯಿ ಗೇರುಬೀಜದ ಪಲ್ಯ. ಪತ್ರೊಡೆ. ಹಲಸಿನಹಣ್ಣಿನ ಗಟ್ಟಿ. ಹೋಳಿಗೆಯ ಮೇಲೆ ಹೊಳೆಯ ಹಾಗೆ ತುಪ್ಪ.

"ಅಕ್ಕ, ಸಾಕು, ಸಾಕು."

"ಎಂತ ಸಾಕು? ಇಷ್ಟು ವರ್ಷದ ಮೇಲೆ ನಮ್ಮ ಎಲೆ ಮುಟ್ಟಿದ್ದೀರಿ, ಇವತ್ತು ಬಿಡುವುದಿಲ್ಲ. ಬಸುರಿಯ ತಾಯಿ ಉಂಡರೆ ಬಸುರಿಗೂ ಸೇರುತ್ತದೆ."

ನಗುತ್ತಾ ಹೇಳಿದರು, ಆದರೆ ಮಾತಿನ ತುದಿಯಲ್ಲಿ ಒಂದು ಮುಳ್ಳು ಇತ್ತು. ಸಾಲಿನ ಹೆಂಗಸರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಮಗಳ ಬಾಯಿಗೆ ಒಂದು ತುತ್ತು ಇಟ್ಟೆ. ಹೋಳಿಗೆಯ ಒಂದು ಚೂರನ್ನು ನನ್ನ ಬಾಯಿಗೆ ಹಾಕಿಕೊಂಡೆ. ಒಳ್ಳೆಯದಾಗಿತ್ತು, ಸುಳ್ಳು ಯಾಕೆ ಹೇಳಲಿ, ಇನ್ನೂ ಒಂದು ಚೂರು ಹಾಕಿಕೊಂಡೆ.

ಆಗ ಶುರುವಾಯಿತು ಗುಡುಗು. ಹಿಂದಿನ ದಿನದಿಂದ ಗಾಳಿ ತುಂಬಿ ಕಾದು ಕೂತಿದ್ದ ಕರುಳು ಚಂಡೆ ಬಡಿದ ಹಾಗೆ ಒಂದು ಸದ್ದು ಮಾಡಿತು. ದೊಡ್ಡಜ್ಜಿ ಎಡಗೈ ಚಾಚಿ ನನ್ನ ಮಗಳ ಹೊಟ್ಟೆಯ ಮೇಲೆ ಇಟ್ಟರು.

"ಕೇಳಿತಾ?" ಎಂದರು ಸಾಲಿನವರಿಗೆ. "ಮಗುವಿಗೆ ಹಸಿವು. ಹೋಳಿಗೆಯ ವಾಸನೆ ಸಿಕ್ಕಿದೆ."

"ಗಂಡು ಮಗುವೇ ಇರಬೇಕು, ಸದ್ದು ನೋಡಿ," ಎಂದರು ಯಾರೋ.

ಇನ್ನೊಮ್ಮೆ ಗುಡುಗಿತು. "ಅವಳಿ-ಜವಳಿಯಾ ಎಂತ?" ಎಂದು ಆ ಬದಿಯಿಂದ ಇನ್ನೊಬ್ಬಳು.

ಮಗಳು ತುಟಿ ಕಚ್ಚಿ ಹಿಡಿದಿದ್ದಳು, ಹೆಗಲು ಅಲುಗುತ್ತಿತ್ತು. ನನಗೆ ನಗು ಎಲ್ಲಿಂದ? ನಾನು ಬಿಗಿಹಿಡಿದು ಕೂತಿದ್ದೆ, ಮೀನಿನವಳು ಇದ್ದಿದ್ದರೆ ಬುಟ್ಟಿಯನ್ನೇ ಕೊಟ್ಟುಬಿಡುತ್ತಿದ್ದಳು. ಇನ್ನು ಸ್ವಲ್ಪವೇ ಹೊತ್ತು ಎಂದು ಗೊತ್ತಾಯಿತು. ಎದ್ದರೆ ಮಗಳ ಬಯಕೆಯ ಪಂಕ್ತಿಯನ್ನು ತಾಯಿಯೇ ಮುರಿದ ಹಾಗೆ. ಏಳದಿದ್ದರೆ ಆಗುವುದನ್ನು ಬರೆಯುವುದು ಬೇಡ. ಬೆನ್ನ ಮೇಲೆ ಬೆವರು ಇಳಿಯಿತು. ಮಗಳು ನನ್ನ ಮುಖ ನೋಡಿದಳು. ನಗು ನಿಂತಿತು. ಎಡಗೈಯನ್ನು ನೆಲಕ್ಕೆ ಊರಿ, ಅಷ್ಟು ದೊಡ್ಡ ಹೊಟ್ಟೆಯನ್ನು ಹೊತ್ತುಕೊಂಡು ಎದ್ದು ನಿಂತಳು.

"ಅಜ್ಜಿ, ನನಗೆ ಒಂದಕ್ಕೆ ಬಂತು. ತಡೆಯಲಿಕ್ಕೆ ಆಗುವುದಿಲ್ಲ."

ಎಲೆಯ ಮುಂದೆ ಹೆಂಗಸರೆಲ್ಲ ಅಯ್ಯೋ ಎಂದರು. ದೊಡ್ಡಜ್ಜಿ ಮಾತ್ರ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಬಸುರಿ ತಡೆಯಬಾರದು. ಒಬ್ಬಳನ್ನೇ ಹಿತ್ತಲಿಗೆ ಕಳಿಸಬೇಡಿ, ಕಾಲು ಜಾರಿದರೆ ಎಂತ ಮಾಡುವುದು? ತಾಯಿ ಹೋಗಲಿ, ಎಂತ ನೋಡುತ್ತೀ, ಏಳು!"

ಅಷ್ಟು ವೇಗವಾಗಿ ಯಾವ ತಾಯಿಯೂ ಮಗಳ ರಕ್ಷಣೆಗೆ ಎದ್ದಿರಲಿಕ್ಕಿಲ್ಲ. ನೋಡಿದವರಿಗೆ ಬಸುರಿ ತಾಯಿಯನ್ನು ಎಳೆದುಕೊಂಡು ಹೋಗುತ್ತಿದ್ದಾಳೋ, ತಾಯಿ ಬಸುರಿಯನ್ನೋ ಎಂದು ಗೊತ್ತಾಗಿರಲಿಕ್ಕಿಲ್ಲ. ಹಿತ್ತಲ ಬಾಗಿಲಿನ ಬಳಿ ಕಕ್ಕಸಿನ ಮುಂದೆ ಬಂದಾಗ ಅಭ್ಯಾಸ ಬಲದಿಂದ, "ನೀನು ಹೋಗು ಮೊದಲು," ಎಂದೆ.

"ಹುಚ್ಚಾ ಅಮ್ಮ? ನನಗೆ ಎಂತದೂ ಬಂದಿಲ್ಲ. ಒಳಗೆ ನಡಿ!"

ಒಳಗೆ ಹೋದೆ. ಒಂದು ಸಲಕ್ಕೆ ಮುಗಿಯುವ ಜಾತಿ ಅಲ್ಲವಲ್ಲ ನನ್ನದು, ಕೂತೇ ಇದ್ದೆ. ಹೊರಗೆ ಹೆಜ್ಜೆಯ ಸದ್ದು ಬಂತು.

"ನೀರು ತಂದೆ ಮಗಾ. ನೀನು ಹೊರಗೆ ನಿಂತಿದ್ದೀ? ಹಾಗಾದರೆ ಒಳಗೆ ಯಾರು?" ಬೀಗತಿ ಅಕ್ಕನ ಸ್ವರ.

"ಅಮ್ಮ."

"ನಿನಗಲ್ವಾ ಬಂದದ್ದು?"

ಮಗಳು ಉತ್ತರ ಕೊಡಲಿಲ್ಲ. ಹೇಳಬೇಡ ಎಂದ ನನ್ನ ಮಾತನ್ನು ಆ ಹೊತ್ತಿನಲ್ಲೂ ಉಳಿಸಿಕೊಂಡಿದ್ದಳು. ಅವಳು ಹಾಗೆ ನಿಂತದ್ದು ನನಗೆ ಬಾಗಿಲಿನ ಈಚೆಯಿಂದ ಕಂಡ ಹಾಗಾಯಿತು. ನಾಚಿಕೆ ಮಾಡಿಕೊಳ್ಳಲಿಕ್ಕೆ ಇನ್ನೆಂತ ಉಳಿದಿದೆ ಎಂದುಕೊಂಡು ಒಳಗಿನಿಂದಲೇ ಮಾತು ಶುರು ಮಾಡಿದೆ.

"ಅಕ್ಕ, ನನಗೇ ಬಂದದ್ದು. ಕರುಳು ಕೊಯ್ದ ಮೇಲೆ ಹೀಗೇ. ಉಂಡ ಕೂಡಲೇ ಓಡಬೇಕು, ಮತ್ತೆ ಮತ್ತೆ. ಅದಕ್ಕೇ ನಿಮ್ಮಲ್ಲಿ ಉಣ್ಣಲಿಕ್ಕೆ ಕೂರುತ್ತಿರಲಿಲ್ಲ. ನಿಮ್ಮ ಅನ್ನದ್ದು ಎಂತದೂ ದೋಷ ಇಲ್ಲ. ಹೋಳಿಗೆ ಭಾರಿ ಲಾಯ್ಕಾಗಿತ್ತು."

ಬೀಗರ ಮನೆಯ ಕಕ್ಕಸಿನ ಒಳಗೆ ಕೂತು ಅವರ ಹೋಳಿಗೆಯನ್ನು ಹೊಗಳಿದವಳು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

"ಇಷ್ಟೇಯಾ?" ಎಂದರು ಅಕ್ಕ. "ಅಯ್ಯೋ ದೇವರೇ, ಇಷ್ಟೇಯಾ? ನಾನು ಇಷ್ಟು ವರ್ಷ ಎಂತೆಂತದೋ ಲೆಕ್ಕ ಹಾಕಿಕೊಂಡು ಕೂತಿದ್ದೆ! ಹೇಳಬಾರದಿತ್ತಾ?"

"ಹೇಗೆ ಹೇಳುವುದು ಅಕ್ಕ, ಇಂಥದ್ದನ್ನು?"

"ಈಗ ಹೇಳಿದಿರಲ್ಲ ಹಾಗೆ!" ಮತ್ತೆ ಬಾಗಿಲಿಗೆ ಹತ್ತಿರ ಬಂದು, ಸ್ವರ ತಗ್ಗಿಸಿ, "ಗರ್ಭಕೋಶ ತೆಗೆದ ಮೇಲೆ ನನಗೆ ಒಂದು ಸೀನು ಬಂದರೆ ಸಾಕು, ಸೀರೆ ಬದಲಾಯಿಸಬೇಕು. ನಮ್ಮ ಮಕ್ಕಳ ಮದುವೆಯಲ್ಲಿ ಫೋಟೋದ ಹೊತ್ತಿಗೆ ನಾನು ಬೇರೆ ಸೀರೆಯಲ್ಲಿದ್ದದ್ದು ಯಾಕೆ ಅಂತ ನೀವು ಕೇಳಿದಿರಾ? ನಾನು ಹೇಳಿದೆನಾ?" ಎಂದರು.

ಮಗಳು ಎಷ್ಟು ನಕ್ಕಳೆಂದರೆ, "ಅಮ್ಮ, ಬೇಗ ಬಾ ಹೊರಗೆ, ಈಗ ನನಗೆ ನಿಜವಾಗಿಯೂ ಬಂತು," ಎಂದು ಬಾಗಿಲು ಬಡಿಯತೊಡಗಿದಳು.

ಮೂವರೂ ಚಾವಡಿಗೆ ವಾಪಸು ಬಂದು ನೋಡಿದರೆ ಇಡೀ ಸಾಲು ಹಾಗೆಯೇ ಕೂತಿದೆ. ಪಾಯಸ ಬಡಿಸಿಲ್ಲ, ಯಾರೂ ಎದ್ದಿಲ್ಲ, ಎಲ್ಲರ ಬಲಗೈ ಎಲೆಯ ಮೇಲೆ ಒಣಗಿ ಅಂಟಿಕೊಂಡಿದೆ. ಬಸುರಿ ಬಾರದೆ ಪಂಕ್ತಿ ಮುಂದೆ ಹೋಗಬಾರದು ಎಂದು ದೊಡ್ಡಜ್ಜಿಯ ಅಪ್ಪಣೆ. ನನ್ನ ತಂಗಿ ಸಾಲಿನ ಕೊನೆಯಲ್ಲಿ ಕೂತು ನನ್ನನ್ನು ನುಂಗುವ ಹಾಗೆ ನೋಡಿದಳು. ಅವಳ ಪತ್ರೊಡೆ ತಣ್ಣಗಾಗಿತ್ತು.

ನಾನು ಎಂತ ಉಣ್ಣಬಹುದು ಎಂದು ಮಗಳ ಹತ್ತಿರ ಕೇಳಿಕೊಂಡು ಅಕ್ಕ ನನ್ನ ಎಲೆಯನ್ನು ಮಡಚಿ ತೆಗೆದು, ಬೇರೆ ಎಲೆ ಹಾಕಿ, ಸ್ವಲ್ಪವೇ ಬೆಳ್ತಿಗೆ ಅನ್ನ, ಸ್ವಲ್ಪ ಮೊಸರು ಬಡಿಸಿದರು. "ಇವರಿಗೆ ಡಾಕ್ಟರು ಹೇಳಿದ್ದು ಇಷ್ಟೇ. ಯಾರೂ ಒತ್ತಾಯ ಮಾಡಬೇಡಿ," ಎಂದು ಸಾಲಿಗೆಲ್ಲ ಕೇಳುವ ಹಾಗೆ ಹೇಳಿದರು. ಆಮೇಲೆ ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ, "ಇನ್ನೊಮ್ಮೆ ಬಂದರೆ ನನ್ನ ಕಡೆ ನೋಡಿ. ನಾನು ಸೀನುತ್ತೇನೆ, ಒಟ್ಟಿಗೇ ಹೋಗುವ," ಎಂದರು.

ಇನ್ನೊಮ್ಮೆ ಬರಲಿಲ್ಲ. ಎಂದೂ ಇಲ್ಲದ ಹಾಗೆ ಅಂದು ನನ್ನ ಕರುಳು ಊಟ ಮುಗಿಯುವವರೆಗೆ ಒಳ್ಳೆಯ ಮಗುವಿನ ಹಾಗೆ ಕೂತಿತು. ಸಂಜೆಗೆ ಮಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಎರಡು ದಿಂಬಿನ ನಡುವೆ ಕೂರಿಸಿ ಕಾಪುವಿನ ದಾರಿ ಹಿಡಿದೆವು. ಹಾದಿಯಲ್ಲಿ ಒಮ್ಮೆ ಅವಳಿಗಾಗಿ ನಿಲ್ಲಿಸಿದೆವು, ಒಮ್ಮೆ ನನಗಾಗಿ, ಒಮ್ಮೆ ತಂಗಿ, "ನನಗೇನು ಬರಬಾರದಾ?" ಎಂದು ಸಿಟ್ಟು ಮಾಡಿದ್ದಕ್ಕೆ.

ಈಗ ಮಗಳು ಇಲ್ಲಿಯೇ ಇದ್ದಾಳೆ, ಇನ್ನು ಹೆರಿಗೆಗೆ ಹೆಚ್ಚು ದಿನವಿಲ್ಲ. ಮನೆಯಲ್ಲಿ ಇರುವುದು ಒಂದೇ ಕಕ್ಕಸು. ಇವತ್ತು ಬೆಳಿಗ್ಗೆ ನಾನು ಒಳಗಿದ್ದಾಗ ಫೋನು ಹೊಡೆದುಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಮಗಳು ಬಾಗಿಲು ತಟ್ಟಿದಳು.

"ಅಮ್ಮ, ಕಾರ್ಕಳದಿಂದ ಅತ್ತೆ. ನಿನ್ನ ಹತ್ತಿರ ಮಾತಾಡಬೇಕಂತೆ. ಎಲ್ಲಿದ್ದೀ ಅಂತ ಹೇಳಲಿ?"

"ಕಕ್ಕಸಿನಲ್ಲಿದ್ದೇನೆ ಅಂತಲೇ ಹೇಳು," ಎಂದೆ. "ತಡವಾಗುತ್ತದೆ ಅಂತಲೂ ಹೇಳು."